ಹಿಪ್ಪುನೇರಳೆ ತೋಟಕ್ಕೆ ಬಂದ ಬಸಣ್ಣ

ಸಾತನೂರು ಹತ್ತಿರ
8 ಜೂನ್ 2024

ಪ್ರೀತಿಯ ಮುನವ್ವರಾ,

ಕಾಗದ ನೋಡಿ ಯಾರಿಗೋ ಏನೋ ಆಯಿತೆಂದು ಗಾಬರಿಯಾಗಬೇಡ. ಎಲ್ಲರೂ ಗಟ್ಟಿಮುಟ್ಟಾಗಿದ್ದೇವೆ. ಫೋನ್ ಮಾಡಿದರೆ ನಿನ್ನ ಅತ್ತೆ ಗುಲ್ಜಾರ್ ಬೀ ಎತ್ತಿಕೊಂಡು ನನ್ನ ಮಂಡಿನೋವಿನವರೆಗೆ ಎಲ್ಲವನ್ನೂ ವಿಚಾರಿಸಿ ಇಟ್ಟುಬಿಡುತ್ತಾರೆ. ನೀನೇ ಎತ್ತಿದರೂ ನಿನ್ನ ಗೊಂಬೆ ಕಾರ್ಖಾನೆಯ ಲೇತ್ ಮಿಷನ್ನಿನ ಸದ್ದು ಬಿಟ್ಟು ಇನ್ನೇನೂ ಕೇಳುವುದಿಲ್ಲ. ಅದೂ ಅಲ್ಲದೆ ಈ ಸಲ ಕೇಳಬೇಕಾದ್ದಕ್ಕೆ ಚಿತ್ರ ಬೇಕು. ಜೊತೆಗೆ ಮಡಿಚಿಟ್ಟ ಹಾಳೆ ನೋಡು. ಹೈಸ್ಕೂಲಿನಲ್ಲಿ ನನ್ನ ಚಿತ್ರಗಳನ್ನು ನೋಡಿ ನೀನು ನಗುತ್ತಿದ್ದೆ. ಈಗಲೂ ನಗು, ಆದರೆ ಕೆಲಸ ಮಾಡಿಕೊಡು.

ಅದು ಬಸವನಹುಳು. ನಮ್ಮ ಬಾವಿಕಟ್ಟೆಯ ಪುಟ್ಟ ಹುಳು ಅಲ್ಲ, ಆಫ್ರಿಕಾದಿಂದ ಬಂದದ್ದು. ಅಂಗೈ ತುಂಬುವಷ್ಟು ದೊಡ್ಡದು, ಚಿಪ್ಪು ಚೂಪು, ಮೇಲೆ ಕಂದು ಪಟ್ಟೆ. ಕೆರೆಯಾಚೆ ಊರಿನಲ್ಲಿ ಹೋದ ಮಳೆಗಾಲ ಹಿಪ್ಪುನೇರಳೆ ತೋಟಗಳನ್ನು ಬೋಳು ಮಾಡಿಟ್ಟಿತು. ಸೊಪ್ಪು ಹೋದರೆ ರೇಷ್ಮೆಹುಳ ಮೇಯಿಸುವುದು ಯಾವುದರಿಂದ? ನಮ್ಮೂರಿಗೆ ಇನ್ನೂ ಬಂದಿಲ್ಲ. ಬಂದರೆ ಮೊದಲು ಸಿಗುವುದು ಕೆರೆ ಏರಿಗೆ ತಾಗಿದ ಮುತ್ತುರಾಜುವಿನ ತೋಟ. ಅವರ ಮಗಳು ಅನುಷಾ ನನ್ನ ಒಂಬತ್ತನೇ ತರಗತಿಯಲ್ಲಿದ್ದಾಳೆ.

ಹೊರಗಿನಿಂದ ಬಂದು ನೆಲೆಯೂರಿದ ಗಿಡಗಳ ಪಾಠ ಮಕ್ಕಳಿಗೆ ಸಲೀಸು. ಲಂಟಾನ, ಪಾರ್ಥೇನಿಯಂ, ಕೆರೆಯ ಅಂತರಗಂಗೆ ಎಲ್ಲ ದಿನಾ ನೋಡುವಂಥವು. ಈ ಹುಳುವನ್ನು ಮಾತ್ರ ಕಂಡಿಲ್ಲ. ನಾನು ತೋರಿಸಿದ ಜೆರಾಕ್ಸ್ ಚಿತ್ರ ನೋಡಿ ಪಾಪದ ನಾಡಹುಳುಗಳನ್ನೇ ಕಲ್ಲಲ್ಲಿ ಜಜ್ಜಿಬಿಟ್ಟರು. ಅದಕ್ಕೇ ಮರದಲ್ಲಿ ಒಂದು ದೊಡ್ಡದು, ಒಂದು ಚಿಕ್ಕದು ಮಾಡಿಕೊಡು. ಮುಟ್ಟಿ ನೋಡಿ ವ್ಯತ್ಯಾಸ ಕಲಿಯಲಿ. ಕಂಡಕೂಡಲೇ ನನಗೆ ಬಂದು ಹೇಳಬೇಕು, ಅಷ್ಟೇ ಅವರ ಕೆಲಸ. ಮಕ್ಕಳು ಕಾವಲು ನಿಂತರೆ ಈ ಮಳೆಗಾಲ ಮುತ್ತುರಾಜುವಿನ ತೋಟ ಉಳಿಯುತ್ತದೆ ಎಂಬ ನಂಬಿಕೆ ನನ್ನದು. ಕಣ್ಣು ಮೂತಿ ಏನೂ ಬೇಡ. ಚಿಪ್ಪು ಸರಿಯಾಗಿದ್ದರೆ ಸಾಕು.

ನಿನ್ನ
ಭಾನುಪ್ರಿಯ


ಚನ್ನಪಟ್ಟಣ
24 ಜೂನ್ 2024

ಭಾನು,

ನಿನ್ನ ಚಿತ್ರ ನೋಡಿ ನಮ್ಮತ್ತೆ ಇದು ಕಡುಬೋ ಹುಳುವೋ ಅಂತ ಕೇಳಿದರು. ಬಕ್ರೀದಿನ ಗಡಿಬಿಡಿ ಮುಗಿಸಿಕೊಂಡು ಕೂತೆ. ಲೇತಿನ ಮೇಲೆ ಮರ ಗಿರ್ರನೆ ತಿರುಗುವಾಗ ಉಂಗುರ ಬೇಕಾದಷ್ಟು ಬರುತ್ತದೆ, ಸುರುಳಿ ಬಾ ಅಂದರೆ ಬರುವುದಿಲ್ಲ. ಮೊದಲು ಮಾಡಿದ್ದು ಬುಗುರಿಯಾಯಿತು, ಆಮೇಲಿನದು ಗೋಪುರವಾಯಿತು. ಕೊನೆಗೆ ಲೇತಿನಲ್ಲಿ ಚೂಪು ಮಾಡಿ, ಸುರುಳಿಯನ್ನು ಅರದಿಂದ ಕೈಯಲ್ಲೇ ತೀಡಿದೆ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಬಣ್ಣ ಕೂರಿಸಿ, ತಾಳೆಗರಿಯಲ್ಲಿ ಉಜ್ಜಿದ ಮೇಲೆ ಎಂಥ ಹೊಳಪು ಬಂತು ಅಂತೀಯ! ಜೇನಿನ ಬಣ್ಣ, ಅದರ ಮೇಲೆ ಕಂದು ಪಟ್ಟೆ.

ಕಣ್ಣು ಬೇಡ ಅಂದಿದ್ದೆ. ಇಟ್ಟಿದ್ದೇನೆ, ಬೈಬೇಡ. ಕಣ್ಣಿಲ್ಲದೆ ಬರೀ ಕೊರಡಿನ ಹಾಗೆ ಕಾಣುತ್ತಿತ್ತು. ಸ್ವಲ್ಪ ನಗುವನ್ನೂ ಇಟ್ಟೆ. ಕೆಳಗೆ ಗಾಲಿ, ಮುಂದೆ ದಾರ. ಎಳೆದರೆ ತಲೆ ಮೇಲೆ ಕೆಳಗೆ ಆಡಿಸುತ್ತಾ ಬರುತ್ತದೆ. ಮಕ್ಕಳ ಕೈಗೆ ಕೊಡುವ ವಸ್ತು ನಗದೆ ಇದ್ದರೆ ಅದಕ್ಕೆ ಗೊಂಬೆ ಅನ್ನುತ್ತಾರಾ? ಚಿಕ್ಕದನ್ನು ನೀನು ಹೇಳಿದ ಹಾಗೆ ಸಾದಾ ಮಾಡಿದ್ದೇನೆ.

ಒಂದು ಮಾತು ಹೇಳಲೇ? ಇಷ್ಟು ವರ್ಷ ನಾನು ಮಾಡಿದ್ದೆಲ್ಲ ಬೇರೆಯವರ ಮಾದರಿ. ಆನೆ, ರೈಲು, ಬೊಂಬೆ ಗಂಡ ಹೆಂಡತಿ. ಇದೊಂದು ನಾನೇ ಯೋಚನೆ ಮಾಡಿ ಮಾಡಿದ್ದು. ಹಬೀಬನ ಕೈಲಿ ಕಳಿಸುತ್ತಿದ್ದೇನೆ. ರೇಷ್ಮೆಗೂಡು ತುಂಬಿಕೊಂಡು ರಾಮನಗರದ ಮಾರ್ಕೆಟ್ಟಿಗೆ ಹೋಗಲು ನಿಮ್ಮ ಕಡೆ ಬರುತ್ತಿದ್ದಾನೆ. ತಮ್ಮನೆಂದು ನಂಬಿ ಕೊಟ್ಟಿದ್ದೇನೆ, ಗೂಡಿನ ಚೀಲದ ಕೆಳಗೆ ಹಾಕಿದ್ದರೆ ಅವನಿಗೆ ನನ್ನ ಪರವಾಗಿ ಬೈದು ಕಳಿಸು.

ಮುನವ್ವರಾ


ಸಾತನೂರು ಹತ್ತಿರ
4 ಜುಲೈ 2024

ಮುನ್ನಿ,

ನಿನ್ನ ಕೈಗೆ ಬೆಳ್ಳಿ ಕಡಗ ತೊಡಿಸಬೇಕು. ಡಬ್ಬ ತೆರೆದಾಗ ನಾನೇ ಒಂದು ಗಳಿಗೆ ಪಾಠ ಮರೆತೆ. ಮಕ್ಕಳು ಅದಕ್ಕೆ ಬಸಣ್ಣ ಎಂದು ಹೆಸರಿಟ್ಟಿದ್ದಾರೆ. ವರ್ಷದಿಂದ ಬಾಯಿ ಬಿಡದ ಮಧುಕುಮಾರ್ ಕೂಡ ದಾರ ಹಿಡಿಯಲು ಜಗಳಕ್ಕೆ ನಿಂತ. ಹೆಡ್‌ಮಾಸ್ಟರ್ ಅನಂತರಾಜು ಅವರು ಬಾಗಿಲಲ್ಲಿ ನಿಂತು ನೋಡಿ, ತಾವೂ ಒಂದು ಸುತ್ತು ಎಳೆದು, ಯಾರೂ ನೋಡಲಿಲ್ಲ ಅಂದುಕೊಂಡು ಹೋದರು.

ಪಾಠ ಇಷ್ಟು ಚೆನ್ನಾಗಿ ನಾಟಿದ್ದು ಇದೇ ಮೊದಲು. ಈಗ ನಾಡಹುಳು ಯಾವುದು, ಆಫ್ರಿಕಾದ್ದು ಯಾವುದು ಎಂದು ಕಣ್ಣು ಮುಚ್ಚಿ ಮುಟ್ಟಿ ಹೇಳುತ್ತಾರೆ. ಬಸಣ್ಣ ಹಡಗು ಹತ್ತಿ ಬಂದ ಕಥೆಯನ್ನು ಎಲ್ಲರೂ ಬರೆದಿದ್ದಾರೆ. ಅನುಷಾಳಂತೂ ಎಲ್ಲರಿಗಿಂತ ಮುಂದೆ. “ಮಿಸ್, ಬಸಣ್ಣ ಒಬ್ನೇನಾ ಬಂದದ್ದು? ಅವನ ಕಡೆಯೋರು ಯಾರೂ ಇಲ್ವಾ?” ಎಂದು ಕೇಳಿದಳು. ಎಂಥ ಪ್ರಶ್ನೆ ನೋಡು! ಸಂತಾನದ ಪಾಠಕ್ಕೆ ಅಲ್ಲಿಂದಲೇ ಹೊರಳಿದೆ. ಒಂದೊಂದು ಹುಳುವೂ ನೂರಾರು ಮೊಟ್ಟೆ ಇಡುತ್ತದೆ ಎಂದಾಗ ಎಲ್ಲರೂ ಬಾಯಿ ಮೇಲೆ ಕೈ ಇಟ್ಟುಕೊಂಡರು.

ಮಳೆ ಹಿಡಿದಿದೆ. ಏರಿಯ ಮೇಲೆ ಹೋಗಿ ಬಂದೆವು, ಒಂದೂ ಇಲ್ಲ. ದಾರಿಯುದ್ದಕ್ಕೂ ಪಾರ್ಥೇನಿಯಂ ಕಿತ್ತು ಗುಡ್ಡೆ ಹಾಕಿದರು. ಇಂಥ ಮಕ್ಕಳಿದ್ದರೆ ಮುತ್ತುರಾಜು ನಿಶ್ಚಿಂತೆಯಿಂದ ನಿದ್ದೆ ಮಾಡಬಹುದು.

ಭಾನು


ಚನ್ನಪಟ್ಟಣ
25 ಜುಲೈ 2024

ಭಾನು,

ನಿನ್ನ ಕಾಗದವನ್ನು ಕಾರ್ಖಾನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಹೆಡ್‌ಮಾಸ್ಟರ್ ಎಳೆದ ಭಾಗವನ್ನು ಇನ್ನೊಮ್ಮೆ ಓದಿಸಿದರು. ಕಾರ್ಖಾನೆಯ ಯಜಮಾನರು ಕೇಳಿಸಿಕೊಂಡು, ಇನ್ನೊಂದಷ್ಟು ಮಾಡು, ರಸ್ತೆ ಅಂಗಡಿಯಲ್ಲಿ ಇಟ್ಟು ನೋಡೋಣ ಅಂದರು. ಇಟ್ಟವುಗಳಲ್ಲಿ ಒಂದೂ ಉಳಿಯಲಿಲ್ಲ. ಮೈಸೂರು ಕಡೆ ಹೋಗುವ ಕಾರಿನವರು ನಿಲ್ಲಿಸಿ ಕೊಂಡುಹೋಗುತ್ತಿದ್ದಾರೆ. ಈಗ ನನ್ನನ್ನು ಬಸಣ್ಣನ ಅಮ್ಮ ಅಂತಲೇ ಕರೆಯುತ್ತಾರೆ. ನಗಬೇಡ, ನನಗೆ ಅದು ತುಂಬಾ ಇಷ್ಟವಾಗಿದೆ.

ಮಕ್ಕಳು ಬಸಣ್ಣನ ಜೊತೆ ನಿಂತ ಒಂದು ಫೋಟೋ ಕಳಿಸು. ಅತ್ತೆಗೆ ತೋರಿಸಬೇಕು. ಆ ಅನುಷಾ ಯಾರೆಂದು ಗುರುತು ಹಾಕಿ ಕಳಿಸು.

ಮುನವ್ವರಾ


ಚನ್ನಪಟ್ಟಣ
21 ಆಗಸ್ಟ್ 2024

ಭಾನು,

ಉತ್ತರವೂ ಇಲ್ಲ, ಫೋಟೋವೂ ಇಲ್ಲ. ಗಾಲಿ ಕಳಚಿತಾ? ಬಣ್ಣ ಬಿಟ್ಟಿತಾ? ಮಳೆಗಾಲದಲ್ಲಿ ಮರ ಒಸಿ ಉಬ್ಬಿಕೊಳ್ಳುತ್ತದೆ, ಅದಕ್ಕೆ ಹೆದರಬೇಡ, ಬಿಸಿಲಿಗೆ ಇಟ್ಟರೆ ಸರಿಯಾಗುತ್ತದೆ. ಮುರಿದಿದ್ದರೂ ಹೇಳು. ಮಕ್ಕಳ ಕೈಯಲ್ಲಿ ಮುರಿದ ಗೊಂಬೆಗೆ ನಾನು ಬೇಜಾರು ಮಾಡಿಕೊಳ್ಳುವವಳಲ್ಲ. ಫೋನ್ ಮಾಡಿದರೆ ಕ್ಲಾಸಿನಲ್ಲಿದ್ದೇನೆ ಅಂತ ಇಟ್ಟುಬಿಡುತ್ತೀಯ. ರಾತ್ರಿಯೂ ಕ್ಲಾಸಾ ನಿನಗೆ?

ಮುನವ್ವರಾ


ಸಾತನೂರು ಹತ್ತಿರ
30 ಆಗಸ್ಟ್ 2024

ಮುನವ್ವರಾ,

ಗೊಂಬೆಗೆ ಏನೂ ಆಗಿಲ್ಲ, ಚೆನ್ನಾಗಿದೆ. ಬೀರುವಿನಲ್ಲಿಟ್ಟಿದ್ದೇನೆ. ಕ್ರೀಡಾಕೂಟ, ಪರೀಕ್ಷೆ ಎಂದು ಪುರುಸೊತ್ತಿಲ್ಲ. ಸದ್ಯಕ್ಕೆ ಇನ್ನೇನೂ ಕಳಿಸಬೇಡ. ಮನೆಯಲ್ಲಿ ಎಲ್ಲರನ್ನೂ ಕೇಳಿದೆನೆಂದು ಹೇಳು.

ಭಾನುಪ್ರಿಯ


ಚನ್ನಪಟ್ಟಣ
13 ಸೆಪ್ಟೆಂಬರ್ 2024

ಭಾನುಪ್ರಿಯ ಮೇಡಂ ಅವರಿಗೆ,

ಹೀಗೆ ಕರೆಯುವುದೇ ಸರಿ ಅನ್ನಿಸಿತು. ಹಬೀಬ್ ನಿನ್ನೆ ನಿಮ್ಮೂರಿಗೆ ಗೂಡು ತರಲು ಹೋಗಿದ್ದ. ಮುತ್ತುರಾಜುವಿನ ಮನೆಯಲ್ಲಿ ಗೂಡೇ ಇಲ್ಲವಂತೆ. ಅವರು ಹೇಳಿದ್ದನ್ನು ಹಬೀಬ್ ಹೇಳಿದ ಹಾಗೇ ಬರೆಯುತ್ತೇನೆ: “ಎಲ್ಲಿ ಗೂಡು ಭಾಯಿ? ಮೂರ್ನೇ ಜ್ವರ ಎದ್ದು ಪೊರೆ ಬುಟ್ಟಿದ್ ರೇಷ್ಮೆ ಹುಳಾನ ತಿಪ್ಪೆಗೆ ಸುರುದ್ಬುಟ್ಟೆ. ಸೊಪ್ಪಿನ ಮ್ಯಾಲೆಲ್ಲ ಲೋಳೆ. ನನ್ ಮಗಳೇ ಆ ದರಿದ್ರದ ಬಸವನ ಹುಳಾನ ತಂದು ತೋಟಕ್ಕೆ ಬುಟ್ಟವ್ಳೆ. ಮಿಸ್ಸ ಕೇಳುದ್ರೆ, ಚನ್ನಪಟ್ಣದಿಂದ ಗೊಂಬೆ ಮುದ್ದಾಗಿ ಮಾಡಿ ಕಳಿಸ್ಬುಟ್ರು, ಅದ್ಕೇ ಇಂಗಾಯ್ತು ಅಂತವ್ರೆ.”

ತಾನು ಆ ಗೊಂಬೆ ಮಾಡಿದವಳ ತಮ್ಮ ಎಂದು ಹಬೀಬ್ ಬಾಯಿ ಬಿಡಲಿಲ್ಲ. ಖಾಲಿ ಆಟೋ ತಿರುಗಿಸಿಕೊಂಡು ಬಂದ.

ಪಾಠ ಮಾಡಿದ್ದು ನೀನು. ಮಕ್ಕಳು ನಿನ್ನವರು. ಎಲ್ಲ ಚೆನ್ನಾಗಿದ್ದಾಗ ಪಾಠ ನಾಟಿತು, ಕೆಟ್ಟಾಗ ಗೊಂಬೆ ಕೆಡಿಸಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನಗೆ ಬಯ್ಯಬೇಕಿದ್ದರೆ ಕಾಗದದಲ್ಲಿ ಬಯ್ಯಬಹುದಿತ್ತು. ಊರವರ ಮುಂದೆ ನನ್ನನ್ನು ಮುಂದೆ ಮಾಡಿ, ನನಗೆ ಮಾತ್ರ ಗೊಂಬೆ ಚೆನ್ನಾಗಿದೆ ಅಂತ ಬರೆದೆಯಲ್ಲ, ಅದರಿಂದ ನನಗೆ ತುಂಬಾ ನೋವಾಯಿತು. ಇವತ್ತು ಕೆಲಸಕ್ಕೆ ಹೋಗಲಿಲ್ಲ. ಅತ್ತೆ ಏನಾಯಿತು ಅಂತ ಕೇಳಿದರು, ತಲೆನೋವು ಅಂದೆ.

ಮುನವ್ವರಾ


ಸಾತನೂರು ಹತ್ತಿರ
19 ಸೆಪ್ಟೆಂಬರ್ 2024

ಮುನ್ನಿ,

ನಿನ್ನ ಕಾಗದವನ್ನು ಶಾಲೆಯಲ್ಲಿ ಓದಲಾಗದೆ ಬಸ್ಸಿನಲ್ಲಿ ಓದಿದೆ. ನೀನು ಬರೆದದ್ದೆಲ್ಲ ನಿಜ. ಆ ಮಾತು ನಾನು ಆಡಿದೆ. ಮುತ್ತುರಾಜು ಶಾಲೆಯ ಅಂಗಳದಲ್ಲಿ ನಿಂತು ಕೂಗುತ್ತಿದ್ದರು, ಹೆಡ್‌ಮಾಸ್ಟರ್ ನನ್ನ ಮುಖ ನೋಡುತ್ತಿದ್ದರು, ನನ್ನ ಬಾಯಿಗೆ ಮೊದಲು ಬಂದದ್ದು ಅದೇ. ಹೇಳಿದ ಮೇಲೆ ನಿನಗೆ ಬರೆಯಲು ಮುಖವಿರಲಿಲ್ಲ. ನೀನು ಬಸಣ್ಣನ ಅಮ್ಮನಾಗಿ ಖುಷಿಯಾಗಿದ್ದೆ, ಅದನ್ನು ಕೆಡಿಸಬಾರದೆಂದು ಸುಮ್ಮನಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ಸುಳ್ಳು.

ನಡೆದದ್ದು ಇಷ್ಟು. ಅನುಷಾಳ ಅಜ್ಜಿ ಮಾಯಮ್ಮನ ಮನೆ ಕೆರೆಯಾಚೆ ಊರಿನಲ್ಲಿದೆ. ಜುಲೈನಲ್ಲಿ ಅಲ್ಲಿ ಹಿತ್ತಿಲ ಗೋಡೆಯ ಮೇಲೆ ನಿಜವಾದ ಬಸಣ್ಣ ಅವಳಿಗೆ ಸಿಕ್ಕಿದ. ತಕ್ಷಣ ಗುರುತು ಹಿಡಿದಳು. ನಾನು ಕಲಿಸಿದ್ದು ಅಷ್ಟು ಚೆನ್ನಾಗಿ ಬಂದಿತ್ತು ಅವಳಿಗೆ. ಊಟದ ಡಬ್ಬಿಯಲ್ಲಿ ಹಾಕಿಕೊಂಡು ಬಂದು ತೋಟದ ಬೇಲಿ ಸಂದಿಯ ಒದ್ದೆ ಎಲೆಯಲ್ಲಿ ಬಿಟ್ಟಳು. ಒಬ್ಬನೇ ಇದ್ದರೆ ಬೇಜಾರಾಗುತ್ತದೆಂದು ಭಾನುವಾರ ಭಾನುವಾರ ಇನ್ನಷ್ಟು ತಂದಳು. ಆಗಸ್ಟ್ ಹೊತ್ತಿಗೆ ಮೊಟ್ಟೆಯೊಡೆದ ಮರಿಗಳು ಸಾಲು ಸಾಲಾಗಿ ಎಳೆ ಸೊಪ್ಪಿಗೆ ಹತ್ತಿದವು. ಲೋಳೆ ಹತ್ತಿದ ಸೊಪ್ಪನ್ನು ರೇಷ್ಮೆಹುಳ ಮೂಸಲಿಲ್ಲ. ಹಸಿದ ಹುಳಗಳನ್ನು ಮುತ್ತುರಾಜು ಮಂಕರಿಯಲ್ಲಿ ಹೊತ್ತು ಸುರಿಯುವುದನ್ನು ನಾನೇ ನೋಡಿದೆ.

ಯಾಕೆ ಹೇಳಲಿಲ್ಲ, ಕಂಡರೆ ಹೇಳಬೇಕೆಂದು ಕಲಿಸಿರಲಿಲ್ಲವೇ ಎಂದು ಅನುಷಾಳನ್ನು ಕೇಳಿದೆ. “ಯೋಳಿದ್ರೆ ನೀವು ಸಾಯ್ಸ್‌ಬುಡ್ತಿದ್ರಿ ಮಿಸ್,” ಎಂದಳು.

ಮುನ್ನಿ, ನಾನು ಒಂದು ದಿನವಾದರೂ ಮಕ್ಕಳಿಗೆ ಆ ಮಾತು ಹೇಳಿರಲಿಲ್ಲ. ಕಂಡರೆ ಹೇಳಿ ಎಂದೆ. ಹೇಳಿದ ಮೇಲೆ ನಾನು ಏನು ಮಾಡುತ್ತೇನೆಂದು ಹೇಳಲಿಲ್ಲ. ಗಿಡ ಕೀಳುವಾಗ ಯಾರೂ ಅಳುವುದಿಲ್ಲ, ಹಾಗಾಗಿ ಇದೂ ಹಾಗೆಯೇ ಎಂದು ದಾಟಿಸಿಬಿಟ್ಟೆ. ಮಕ್ಕಳ ಮುಂದೆ ಸಾವಿನ ಮಾತು ಯಾಕೆ ಎಂದುಕೊಂಡೆ. ಆ ಹುಡುಗಿ ನಾನು ಬಚ್ಚಿಟ್ಟದ್ದನ್ನು ತಾನೇ ಊಹಿಸಿಕೊಂಡು, ನನ್ನಿಂದ ಅದನ್ನು ಬಚ್ಚಿಟ್ಟಳು. ತಪ್ಪು ಪಾಠದ್ದು, ಗೊಂಬೆಯದ್ದಲ್ಲ. ಮುತ್ತುರಾಜುವಿನ ಮನೆಗೆ ಹೋಗಿ ಹೀಗೆಯೇ ಹೇಳಿ ಬಂದೆ. ಅವರು ಕೂರಿ ಅನ್ನಲಿಲ್ಲ.

ಅನುಷಾಳನ್ನು ಶಾಲೆ ಬಿಡಿಸಿದ್ದಾರೆ. ಹುಳ ಸಾಕೋ ವಿದ್ಯೆ ಕಲಿತದ್ದು ಸಾಕು ಎಂದರು. ನಾನು ಬೆಳಿಗ್ಗೆ ಆರಕ್ಕೆ ಮಕ್ಕಳನ್ನು ಕರೆದುಕೊಂಡು ಅವರ ತೋಟಕ್ಕೆ ಹೋಗುತ್ತಿದ್ದೇನೆ. ಸಂಜೆ ಒದ್ದೆ ಗೋಣಿಚೀಲ ಹಾಸಿ ಪರಂಗಿ ಎಲೆ ಇಟ್ಟರೆ ಬೆಳಗಾಗುವಾಗ ಅದರ ಕೆಳಗೆ ಸೇರಿರುತ್ತವೆ. ಕೈಗೆ ಪ್ಲಾಸ್ಟಿಕ್ ಕವರು ಕಟ್ಟಿಕೊಂಡು ಆರಿಸಿ, ತೋಟದ ಹೊರಗೆ ಉಪ್ಪುನೀರಿನ ಬಕೆಟ್ಟಿಗೆ ಹಾಕುತ್ತೇವೆ. ಹಾಕುವುದು ನಾನು. ಅದು ನೋಡಲು ಚೆನ್ನಾಗಿರುವುದಿಲ್ಲ. ಮಕ್ಕಳು ನೋಡುತ್ತಾರೆ, ನಾನು ಅಡ್ಡ ನಿಲ್ಲುವುದಿಲ್ಲ. ಅನುಷಾ ಮನೆ ಬಾಗಿಲಿನಿಂದ ಆಚೆ ಬರುವುದಿಲ್ಲ.

ಕ್ಷಮಿಸು ಎಂದು ಬರೆದರೆ ಹಗುರವಾಗುತ್ತೇನೆ, ಅದಕ್ಕೇ ಕೊನೆಯಲ್ಲಿ ಬರೆಯುತ್ತಿದ್ದೇನೆ. ಕ್ಷಮಿಸು.

ಭಾನು


ಚನ್ನಪಟ್ಟಣ
4 ಅಕ್ಟೋಬರ್ 2024

ಭಾನು,

ಕೋಪ ಪೂರ್ತಿ ಹೋಗಿಲ್ಲ. ಹೋಗಿದೆ ಅಂತ ಬರೆದರೆ ನಾನೂ ಅರ್ಧ ಸುಳ್ಳು ಬರೆದ ಹಾಗಾಗುತ್ತದೆ. ಆದರೆ ಕಣ್ಣು ಬೇಡ ಅಂತ ನೀನು ಹೇಳಿದ್ದೆ, ಇಟ್ಟವಳು ನಾನು. ಅದನ್ನು ನಿನ್ನೊಬ್ಬಳ ತಲೆಗೆ ಕಟ್ಟಿ ಕೂರಲಾರೆ.

ಒಂದು ವಿಷಯ ನಿನಗೆ ಗೊತ್ತಾ? ನಾನು ಆ ಹುಳುವನ್ನು ಇವತ್ತಿನವರೆಗೆ ಕಂಡಿಲ್ಲ. ನಿನ್ನ ಕಡುಬಿನ ಚಿತ್ರ ನೋಡಿ ಮಾಡಿದ್ದು. ಈಗ ದಸರಾ ರಜೆಯಲ್ಲವಾ, ತೋಟದ ಕೆಲಸ ನಿಲ್ಲಿಸಿದ್ದೀಯಾ? ಇಲ್ಲವಾದರೆ ಹದಿಮೂರಕ್ಕೆ ಹಬೀಬನ ಆಟೋದಲ್ಲಿ ಬರುತ್ತೇನೆ. ಮುತ್ತುರಾಜು ಬೈದರೆ ಬೈಯಲಿ.

ಮುನವ್ವರಾ


ಚನ್ನಪಟ್ಟಣ
20 ಅಕ್ಟೋಬರ್ 2024

ಭಾನು,

ಆ ದಿನ ನಿನ್ನ ಪಕ್ಕದಲ್ಲೇ ಇದ್ದರೂ ಹೇಳಲಾಗದೆ ಬಂದದ್ದನ್ನು ಈಗ ಬರೆಯುತ್ತಿದ್ದೇನೆ. ಬಾಯಿಗಿಂತ ನಮಗಿಬ್ಬರಿಗೂ ಕಾಗದವೇ ಒಗ್ಗಿಹೋಗಿದೆ.

ಗೋಣಿಚೀಲ ಎತ್ತಿದಾಗ ಮೊದಲು ಕಂಡದ್ದನ್ನು ಕೈಗೆತ್ತಿಕೊಂಡೆ. ಚಿಪ್ಪಿನ ಸುರುಳಿಯನ್ನು ಎಷ್ಟು ಅಂದವಾಗಿ ತಿರುಗಿಸಿಟ್ಟಿದ್ದಾನೆ ಅಲ್ಲಾಹು! ನಾನು ಅರ ಹಿಡಿದು ತಿಂಗಳು ತೀಡಿದರೂ ಹಾಗೆ ಬರುವುದಿಲ್ಲ. ಕೊಂಬಿನ ತುದಿಯಲ್ಲಿ ಕಣ್ಣಿದೆ, ಚುಕ್ಕೆಯಷ್ಟು. ನಗು ಇಲ್ಲ. ನೋಡುತ್ತಾ ನಿಂತೆ. ಆಮೇಲೆ ಪಕ್ಕದ ಗಿಡ ನೋಡಿದೆ, ಸಿಪ್ಪೆಯನ್ನೂ ಬಿಡದೆ ಹೆರೆದು ತಿಂದಿದ್ದವು. ಎರಡೂ ನಿಜ, ಎರಡನ್ನೂ ಒಟ್ಟಿಗೆ ನೋಡುವುದು ಕಷ್ಟವಾಯಿತು. ನೀನು ಬಕೆಟ್ ಮುಂದೆ ಹಿಡಿದೆ, ನಾನು ಹಾಕಿದೆ.

ನೀನು ನೀರು ತರಲು ಹೋದಾಗ ಅನುಷಾ ಬಾಗಿಲಿಂದ ಇಳಿದು ಬಂದಳು. ನೀವೇನಾ ಬಸಣ್ಣನ ಮಾಡಿದ್ದು ಎಂದು ಕೇಳಿದಳು. ಹೌದು ಅಂದೆ. ನನ್ನ ಕೈಯನ್ನೇ ನೋಡಿ, “ಕಣ್ಣ ಯಾಕೆ ಮಾಡುದ್ರಿ ಆಂಟಿ?” ಅಂದಳು. ಜಗಳದ ದನಿಯಲ್ಲಿ ಕೇಳಿದ್ದರೆ ಏನಾದರೂ ಹೇಳುತ್ತಿದ್ದೆ. ಅವಳಿಗೆ ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು. ಆ ಮಗು ನನ್ನನ್ನು ಯಾವತ್ತೂ ಕ್ಷಮಿಸುವುದಿಲ್ಲ ಅನ್ನಿಸಿತು.

ಮುತ್ತುರಾಜು ಬೈಯಲಿಲ್ಲ ನೋಡು. ಹಬೀಬನಿಗೆ ಮಾತ್ರ, “ಅವತ್ತೇ ಯೋಳೋದಲ್ವಾ ಭಾಯಿ, ನಿಮ್ಮಕ್ಕ ಅಂತ. ಬಾಯಿಗೆ ಬಂದಂಗೆ ಮಾತಾಡ್ಬುಟ್ಟೆ,” ಅಂದರಂತೆ. ಸಂಜೆ ನಮಗೆ ಟೀ ಕೊಡುವಾಗ ಅವರ ಹೆಂಡತಿ, ರಜೆ ಮುಗಿದ ಮೇಲೆ ಮಗಳನ್ನು ಸ್ಕೂಲಿಗೆ ಕಳಿಸುವ ಮಾತು ಎತ್ತಿದರು. ಆತ ಇಲ್ಲ ಅನ್ನಲಿಲ್ಲ. ನೀನು ಬಗ್ಗಿ ಚೀಲ ಹಾಸುತ್ತಿದ್ದೆ, ಕೇಳಿಸಿತೋ ಇಲ್ಲವೋ.

ಬಸಣ್ಣನನ್ನು ಮಾಡುವುದು ಬಿಡುತ್ತೇನೆ ಅಂತ ನೀನು ಕಾಯುತ್ತಿದ್ದರೆ, ಬಿಡುವುದಿಲ್ಲ. ಅದು ನಾನೇ ಯೋಚಿಸಿ ಮಾಡಿದ ಮೊದಲ ಗೊಂಬೆ. ರಸ್ತೆ ಅಂಗಡಿಗೆ ಮಾಡುತ್ತೇನೆ. ಹುಳ ಮೇಯಿಸುವ ಊರಿನ ಸ್ಕೂಲಿಗೆ ಯಾರು ಕೇಳಿದರೂ ಕೊಡುವುದಿಲ್ಲ. ಯಜಮಾನರಿಗೂ ಹಾಗೇ ಹೇಳಿದ್ದೇನೆ.

ಮುನ್ನಿ


ಸಾತನೂರು ಹತ್ತಿರ
11 ಜೂನ್ 2025

ಪ್ರೀತಿಯ ಮುನ್ನಿ,

ಬಕ್ರೀದ್ ಚೆನ್ನಾಗಿ ಆಯಿತೆಂದು ಹಬೀಬ್ ಹೇಳಿದ. ಚಳಿಗಾಲದಲ್ಲಿ ನೀನು ಫೋನಿನಲ್ಲಿ ಕೇಳಿದಾಗಲೆಲ್ಲ, ಹುಳುಗಳು ಮಣ್ಣೊಳಗೆ ಮಲಗಿವೆ, ಮಳೆ ಬಂದಮೇಲೆ ತಿಳಿಯುತ್ತದೆ ಎಂದೇ ಹೇಳುತ್ತಿದ್ದೆ. ಮಳೆ ಬಂತು.

ಮುತ್ತುರಾಜು ಬೇಸಿಗೆಯಲ್ಲಿ ತೋಟವನ್ನು ಬುಡದವರೆಗೆ ಕತ್ತರಿಸಿ, ಬೇಲಿಯ ಸಂದಿಯನ್ನೆಲ್ಲ ಅಗೆದು ಮೊಟ್ಟೆ ತೆಗೆಸಿದ್ದರು. ಈಗ ಚಿಗುರು ಮೊಣಕಾಲೆತ್ತರ ಬಂದಿದೆ. ಈ ತಿಂಗಳು ಮತ್ತೆ ಚಾಕಿ, ಅಂದರೆ ರೇಷ್ಮೆಯ ಮರಿಹುಳ, ತರಬೇಕೆಂದಿದ್ದಾರೆ. ಮರಿಹುಳ ಮನೆಗೆ ಬಂದ ಮೇಲೆ ಸೊಪ್ಪು ಕೆಟ್ಟರೆ ಈ ಸಲ ತಡೆದುಕೊಳ್ಳುವುದು ಕಷ್ಟ ಎಂದು ಅವರೇ ನನ್ನ ಹತ್ತಿರ ಹೇಳಿದರು. ನಾನು ಧೈರ್ಯ ಹೇಳಲು ಹೋಗಲಿಲ್ಲ.

ಈ ವರ್ಷದ ಪಾಠವನ್ನು ಕೊನೆಯಿಂದ ಶುರು ಮಾಡಿದೆ. ಈ ಹುಳು ಯಾವ ತಪ್ಪೂ ಮಾಡಿಲ್ಲ, ಇದಕ್ಕೆ ನೋವಾಗುತ್ತದೋ ಇಲ್ಲವೋ ನನಗೆ ಸರಿಯಾಗಿ ಗೊತ್ತಿಲ್ಲ, ಆದರೂ ನೀವು ತಂದುಕೊಟ್ಟರೆ ನಾನು ಇದನ್ನು ಕೊಲ್ಲುತ್ತೇನೆ ಎಂದೆ. ಅನುಷಾ ಈಗ ಹತ್ತನೇ ತರಗತಿ, ಹಿಂದಿನ ಬೆಂಚಿನಲ್ಲಿ ಕೂರುತ್ತಾಳೆ. ತಲೆ ಎತ್ತಲಿಲ್ಲ. ಹೇಳಿದ್ದು ಸರಿಯಾಯಿತೋ ಇಲ್ಲವೋ ಎಂದು ಆಮೇಲೆ ದಿನವೂ ಚಡಪಡಿಸಿದೆ.

ನಿನ್ನೆ ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ಅವಳು ಒಬ್ಬಳೇ ಸ್ಟಾಫ್ ರೂಮಿಗೆ ಬಂದಳು. ಎಡಗೈ ಮುಷ್ಟಿಗೆ ಪ್ಲಾಸ್ಟಿಕ್ ಕವರು ಸುತ್ತಿಕೊಂಡಿದ್ದಳು. ಬಿಚ್ಚಿದಾಗ ಉಗುರಿನಷ್ಟು ಮರಿ, ಕೊಂಬು ಚಾಚಿಕೊಂಡು ಅವಳ ಅಂಗೈ ಮೇಲೆ ಹರಿಯುತ್ತಿತ್ತು.

“ನಮ್ ತೋಟ್ದಲ್ಲೇ ಸಿಕ್ತು ಮಿಸ್. ಇನ್ನೂ ಅವೆ ಅನ್ಸುತ್ತೆ. ಅಪ್ಪಂಗೂ ಯೋಳಿವ್ನಿ.”

ಕೊಡು ಎಂದು ಕೈ ಚಾಚಿದೆ. ಕೊಡಲಿಲ್ಲ. ತಾನೇ ಹಾಕುತ್ತೇನೆ ಎಂದಳು. ಬೇಡ, ನೀನು ಹಾಕಬೇಕಾಗಿಲ್ಲ, ಅದು ನನ್ನ ಕೆಲಸ ಎಂದೆ. ಅವಳು ಕೇಳಲಿಲ್ಲ. ಅಡಿಗೆ ಕೋಣೆಯ ಹಿಂದೆ ಹೋಗಿ, ನಾನು ಉಪ್ಪು ಕದಡುವವರೆಗೆ ಕಾದು ನಿಂತಳು. ಮುನ್ನಿ, ಅವಳು ಅದನ್ನು ಒಗೆಯಲಿಲ್ಲ. ಬಗ್ಗಿ, ಕೈಯನ್ನು ನೀರಿನ ಮಟ್ಟಕ್ಕೆ ಇಳಿಸಿ, ಮೆಲ್ಲಗೆ ಬಿಟ್ಟಳು. ಅದು ಮುಗಿಯುವವರೆಗೆ ಕಣ್ಣು ಕೀಳಲಿಲ್ಲ. ಅಷ್ಟು ಹೊತ್ತೂ ಅವಳ ಬಲಗೈ ನನ್ನ ಕೈಯನ್ನು ಹಿಡಿದುಕೊಂಡಿತ್ತು, ಬಿಗಿಯಾಗಿ.

ಆಮೇಲೆ ಕೈ ತೊಳೆದುಕೊಂಡು, ಸಂಜೆ ಎಷ್ಟು ಜನ ತೋಟಕ್ಕೆ ಬರಬಹುದು ಎಂದು ಕೇಳಿದಳು.

ನಿನ್ನ
ಭಾನು